ನನ್ನ ಫೋನಿನಲ್ಲಿ ಅವಳ ಬೆರಳು

ಮೊದಲೇ ಹೇಳಿಬಿಡುತ್ತೇನೆ, ನನ್ನ ಸಿಟ್ಟು ಇನ್ನೂ ಇಳಿದಿಲ್ಲ. "ಇಳಿದ ಮೇಲೆ ಬರೆ, ಚೆನ್ನಾಗಿ ಬರ್ತದೆ" ಎಂದು ಗಂಡ ಹೇಳಿದರು. ಇಳಿಯುವ ತನಕ ಕಾದರೆ ನಾನು ಈ ಜನ್ಮದಲ್ಲಿ ಬರೆದ ಹಾಗೆಯೇ. ಅದಕ್ಕೇ ಒಲೆಯ ಮೇಲೆ ಅನ್ನಕ್ಕಿಟ್ಟು, ಕುಕ್ಕರ್ ಕೂಗುವ ನಡುನಡುವೆ ಇದನ್ನು ಬರೆಯುತ್ತಿದ್ದೇನೆ.

ನಾವಿರುವುದು ಮುಂಬಯಿಯ ವಿಕ್ರೋಳಿಯಲ್ಲಿ. ಮದುವೆಯಾಗಿ ಉಡುಪಿ ಕಡೆಯಿಂದ ಬಂದವಳು ನಾನು. ಗಂಡ ಇಲ್ಲಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದವರು, ಈಗ ರಿಟೈರ್ ಆಗಿ ಪೇಪರ್ ಓದುತ್ತಾ ನನಗೆ ಬುದ್ಧಿ ಹೇಳುತ್ತಾ ಇರುತ್ತಾರೆ. ಎದುರು ಬಾಗಿಲಿನಲ್ಲಿ ಅವಳು. ವಿಜಯಪುರದ ಕಡೆಯವಳು, ನನಗಿಂತ ಸ್ವಲ್ಪ ಚಿಕ್ಕವಳು. ಗಂಡ ತೀರಿಕೊಂಡ ಮೇಲೆ ಬಾಂದ್ರಾದ ಒಂದು ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ ಮಾಡಿ, ಒಬ್ಬಳೇ ಮಗಳನ್ನು ಓದಿಸಿ, ದಹಿಸರ್‌ಗೆ ಮದುವೆ ಮಾಡಿ ಕೊಟ್ಟವಳು. ಇಡೀ ಬಿಲ್ಡಿಂಗಿನಲ್ಲಿ ಕನ್ನಡದ ಬಾಗಿಲು ಎರಡೇ, ಅವೂ ಎದುರುಬದುರು. ಹಗಲು ಹೊತ್ತಿನಲ್ಲಿ ನಾವು ಅವನ್ನು ಮುಚ್ಚುತ್ತಲೇ ಇರಲಿಲ್ಲ. ಅವಳ ರೊಟ್ಟಿ ನಮ್ಮ ತಟ್ಟೆಗೆ ಬರುತ್ತಿತ್ತು, ನಮ್ಮ ಮೀನು ಸಾರು ಅವಳ ಮನೆಗೆ ಹೋಗುತ್ತಿತ್ತು. ಮೊದಮೊದಲು ಮೂಗು ಮುಚ್ಚಿಕೊಂಡವಳು ಕೊನೆಗೆ ಬಂಗುಡೆಯ ತಲೆಯನ್ನೂ ಬಿಡುತ್ತಿರಲಿಲ್ಲ.

ಚಾನೆಲ್ ಶುರುವಾದದ್ದು ಅಡುಗೆಮನೆಯಲ್ಲೇ. ಒಂದು ದಿನ ನಾನು ಬಂಗುಡೆ ಸಾರಿಗೆ ಮಸಾಲೆ ಹುರಿಯುತ್ತಾ, ಮೆಣಸು ಕರಟಿಸಿದ್ದಕ್ಕೆ ನನಗೆ ನಾನೇ ಬೈದುಕೊಳ್ಳುತ್ತಿದ್ದೆ. ಅವಳು ಬಾಗಿಲಲ್ಲಿ ನಿಂತು ಫೋನಿನಲ್ಲಿ ಅದನ್ನು ತೆಗೆದುಬಿಟ್ಟಳು.

"ಅಕ್ಕಾರ, ನೀವು ಅಡಿಗಿ ಮಾಡೂದಕ್ಕಿಂತ ಬೈಯೂದ ಛಂದ ಐತ್ರಿ. ಇದನ್ನ ಜನ ನೋಡಬೇಕು" ಎಂದಳು.

"ನನ್ನ ಮುಖ ನೋಡ್ಲಿಕ್ಕೆ ಯಾರಿಗೆ ಮರ್ಲ್ ಹಿಡಿದಿದೆ ಮಾರಾಯ್ತಿ" ಎಂದೆ ನಾನು. ಮರ್ಲ್ ಎಂದರೆ ಹುಚ್ಚು, ನಮ್ಮ ಕಡೆಯ ಮಾತು.

ಜನಕ್ಕೆ ಆ ಮರ್ಲ್ ಹಿಡಿಯಿತು. ನನ್ನ ಹೆಸರಿನಲ್ಲಿ, ನನ್ನ ಮೇಲ್‌ನಲ್ಲಿ ಅವಳೇ ಚಾನೆಲ್ ತೆರೆದುಕೊಟ್ಟಳು. ನಾನು ಅಡುಗೆ ಮಾಡುತ್ತಾ ಮಾತಾಡುವುದು, ಅವಳು ಫೋನ್ ಹಿಡಿಯುವುದು, ಆಮೇಲೆ ತನ್ನ ಮನೆಯ ಕಂಪ್ಯೂಟರಿನಲ್ಲಿ ಬೇಡದ್ದನ್ನು ಕತ್ತರಿಸಿ ಚಾನೆಲ್‌ಗೆ ಹಾಕುವುದು. ದುಬೈಯಲ್ಲಿ ನರ್ಸ್ ಆಗಿರುವ ಹುಡುಗಿಯರು, ಹೊಸದಾಗಿ ಮದುವೆಯಾಗಿ ಊರು ಬಿಟ್ಟವರು, ರೂಮಿನಲ್ಲಿ ನಾಲ್ಕು ಜನ ಸೇರಿ ಅಡುಗೆ ಮಾಡಿಕೊಳ್ಳುವ ಗಂಡುಹುಡುಗರು, ಎಲ್ಲರೂ ಕೆಳಗೆ ಬರೆಯುತ್ತಿದ್ದರು. "ಅಕ್ಕ, ನೀವು ಹೇಳಿದ ಹಾಗೇ ಮಾಡಿದೆ, ಅಮ್ಮನ ಕೈ ನೆನಪಾಯಿತು" ಎಂದು ಒಬ್ಬಳು ಬರೆದದ್ದನ್ನು ಓದಿ ನಾನು ಸಿಂಕಿನ ಮುಂದೆ ನಿಂತು ಅತ್ತಿದ್ದೇನೆ. ನಾನು ಹೆಚ್ಚು ಓದಿದವಳಲ್ಲ, ಸಭೆಯಲ್ಲಿ ಬಾಯಿ ತೆರೆದವಳಲ್ಲ. ನನ್ನ ಮಾತಿಗೆ ಕೂಡ ಒಂದು ತೂಕ ಉಂಟು ಎಂದು ನನಗೆ ಗೊತ್ತಾದದ್ದು ಆ ಚಾನೆಲ್‌ನಿಂದ.

ಚಾನೆಲ್‌ನ ಪಾಸ್‌ವರ್ಡ್ ಅಡುಗೆಮನೆಯ ಕ್ಯಾಲೆಂಡರಿನ ಮೇಲೆ, ಗ್ಯಾಸ್ ಬುಕ್ ಮಾಡುವ ನಂಬರಿನ ಕೆಳಗೆ ಬರೆದಿತ್ತು. ಒಂದು ಮಧ್ಯಾಹ್ನ ಯಾವನೋ ಫೋನ್ ಮಾಡಿ, ಸಕ್ಕರೆಯಂಥ ಹಿಂದಿಯಲ್ಲಿ, ನಿಮ್ಮ ಚಾನೆಲ್ ಬಂದ್ ಆಗುತ್ತದೆ ಮೇಡಂ, ಪಾಸ್‌ವರ್ಡ್ ಹೇಳಿದರೆ ಸರಿಮಾಡಿಕೊಡುತ್ತೇನೆ ಎಂದ. ಮೇಡಂ ಎಂದದ್ದಕ್ಕೇ ನಾನು ಕರಗಿ ಹೋದೆ. ಕನ್ನಡಕ ಹಾಕಿಕೊಂಡು, ಕ್ಯಾಲೆಂಡರ್ ನೋಡಿ, ಒಂದೊಂದೇ ಅಕ್ಷರ ಬಿಡಿಸಿ ಓದಿ ಹೇಳಿದೆ. ಮಾರನೆಯ ದಿನ ನೋಡಿದರೆ ನನ್ನ ನೀರುದೋಸೆಯ ಮೇಲೆ ಲಾಟರಿಯ ಜಾಹೀರಾತು! ಬಾಯಿ ಬಡಿದುಕೊಂಡು ಅವಳ ಮನೆಗೆ ಓಡಿದೆ. ಅವಳು ಊಟ ನಿದ್ದೆ ಬಿಟ್ಟು ಕೂತು, ಎಲ್ಲೆಲ್ಲಿಗೋ ಬರೆದು, ಚಾನೆಲನ್ನು ವಾಪಸ್ ತಂದುಕೊಟ್ಟಳು. ಅವತ್ತು ನಾನು ಅವಳ ಕೈ ಹಿಡಿದು ನೀನು ನನ್ನ ಪಾಲಿನ ದೇವರು ಎಂದೆ. ಹೇಳಿದ್ದು ಸುಳ್ಳಲ್ಲ, ಅವತ್ತು ಅವಳು ದೇವರೇ ಆಗಿದ್ದಳು.

ಅದಾದ ಮೇಲೆ ಅವಳು ನನ್ನನ್ನು ಎದುರಿಗೆ ಕೂರಿಸಿಕೊಂಡು ಪಾಠ ಮಾಡಿದಳು.

"ಇನ್ ಮ್ಯಾಲ ಪಾಸ್‌ವರ್ಡ್ ಅನ್ನೂ ಮಾತ ಬ್ಯಾಡ್ರಿ. ಇದಕ್ಕ ಪಾಸ್‌ಕೀ ಅಂತಾರ. ಕೀಲಿ ನಿಮ್ಮ ಫೋನಿನ್ಯಾಗ ಇರ್ತೈತಿ, ಬೆರಳ ಇಟ್ರ ತೆರೀತೈತಿ. ನಿಮಗ ಗೊತ್ತಿಲ್ಲದ್ದನ್ನ ನೀವು ಯಾರಿಗೂ ಓದಿ ಹೇಳಾಕ ಆಗೂದಿಲ್ಲಲ್ರಿ?"

ನನ್ನ ಬಾಯಿಯ ಮೇಲೆ ಅವಳಿಗಿದ್ದ ವಿಶ್ವಾಸ ಅಷ್ಟು. ಆದರೆ ಮಾತು ಸರಿಯೇ ಇತ್ತು. ಅವಳು ನನ್ನ ಫೋನಿನಲ್ಲಿ ಪಾಸ್‌ವರ್ಡ್ ಮ್ಯಾನೇಜರ್ ಎಂಬ ಒಂದು ಆ್ಯಪ್ ಹಾಕಿದಳು. ಅದನ್ನು ಅವಳು ತಿಜೋರಿ ಎಂದು ಕರೆಯುತ್ತಿದ್ದಳು. ಚಾನೆಲ್‌ನ ಕೀಲಿ, ಮೇಲ್‌ನ ಕೀಲಿ, ಲೈಟ್ ಬಿಲ್ಲಿನದ್ದು, ಎಲ್ಲ ಅದರೊಳಗೆ. ಅವಳ ಕಂಪ್ಯೂಟರಿನಲ್ಲಿ ನನ್ನ ಚಾನೆಲ್ ತೆರೆಯಬೇಕಾದರೂ ನನ್ನ ಫೋನಿನ ಅಪ್ಪಣೆ ಬೇಕು. ಕಂಪ್ಯೂಟರಿನಲ್ಲಿ ಒಂದು ಕ್ಯೂಆರ್ ಕೋಡ್ ಬರುತ್ತದೆ, ಅದಕ್ಕೆ ನನ್ನ ಫೋನ್ ಹಿಡಿಯಬೇಕು, ಫೋನಿನ ಮೇಲೆ ಬೆರಳಿಡಬೇಕು, ಆಗ ತೆರೆಯುತ್ತದೆ. ಕದಿಯಲು ಏನೂ ಇಲ್ಲ, ಬರೆದಿಡಲು ಏನೂ ಇಲ್ಲ. ನನಗೆ ಬಹಳ ಹಿಡಿಸಿತು. ಕ್ಯಾಲೆಂಡರಿನ ಆ ಹಾಳೆಯನ್ನು ಹರಿದು ಗ್ಯಾಸಿನ ಉರಿಗೆ ಹಿಡಿದು ಸುಟ್ಟೆ.

ತೊಂದರೆ ಬಂದದ್ದು ನನ್ನ ಬೆರಳಿನಿಂದ. ಫೋನಿಗೆ ನನ್ನ ಹೆಬ್ಬೆರಳು ಗೊತ್ತಾಗಲಿಲ್ಲ. ತೋರುಬೆರಳು ಇಟ್ಟೆ, ಇಲ್ಲ. ಒರೆಸಿ ಇಟ್ಟೆ, ತೊಳೆದು ಇಟ್ಟೆ, ಎಣ್ಣೆ ಹಚ್ಚಿ ಒರೆಸಿ ಇಟ್ಟೆ, ಉಹೂಂ. ಮತ್ತೊಮ್ಮೆ ಪ್ರಯತ್ನಿಸಿ, ಮತ್ತೊಮ್ಮೆ ಪ್ರಯತ್ನಿಸಿ ಎಂದು ಅದು ಹೇಳುತ್ತಲೇ ಹೋಯಿತು. ಮೂವತ್ತು ವರ್ಷ ಹುಣಸೆಹುಳಿ ಕಿವುಚಿ, ತೆಂಗಿನಕಾಯಿ ತುರಿದು, ಮೀನಿನ ಸಿಪ್ಪೆ ಉಜ್ಜಿ, ಪಾತ್ರೆ ತಿಕ್ಕಿದ ಬೆರಳುಗಳಿಗೆ ಗೆರೆ ಎಲ್ಲಿ ಉಳಿಯುತ್ತದೆ? ಆಧಾರ್ ಮಾಡಿಸುವಾಗಲೂ ಹೀಗೇ ಆಗಿತ್ತು. ಆಗ ಕಣ್ಣು ತೋರಿಸಿ ಪಾರಾಗಿದ್ದೆ.

ತಿಜೋರಿಯನ್ನು ನಂಬರ್ ಒತ್ತಿಯೂ ತೆರೆಯಬಹುದು ಎಂದು ಅವಳು ಹೇಳಿದಳು, ಒಂದು ನಂಬರನ್ನೂ ಹಾಕಿಕೊಟ್ಟಳು. ಆದರೆ ಅಡುಗೆಯ ನಡುವೆ ಕೈಯೆಲ್ಲ ಹಿಟ್ಟು, ಕನ್ನಡಕ ಮೂಗಿನ ತುದಿಯಲ್ಲಿ, ನಂಬರ್ ಯಾರು ಒತ್ತುತ್ತಾರೆ? ಫೋನ್ ಹೇಗೂ ಅವಳ ಕೈಯಲ್ಲೇ ಇರುವುದು.

"ನಂದ ಬೆರಳ ಹಾಕೂಣೇನ್ರಿ ಅಕ್ಕಾರ?" ಎಂದು ಅವಳು ಕೇಳಿದಳು. ಕೇಳಲಿಲ್ಲ ಎಂದು ಹೇಳಲಾರೆ, ಕೇಳಿಯೇ ಹಾಕಿದಳು.

"ಹಾಕು ಮಾರಾಯ್ತಿ, ನಿಂದು ನಂದು ಅಂತ ಉಂಟಾ?" ಎಂದೆ.

ನಮ್ಮ ಅಡುಗೆಮನೆಗಳ ಕ್ರಮವೇ ಹಾಗೆ. ಹಸಿ ಕೈಯವಳ ಕೆಲಸವನ್ನು ಒಣ ಕೈಯವಳು ಮಾಡುವುದು. ನಾನು ಮೀನು ತೊಳೆಯುವಾಗ ನನ್ನ ಮುಖದ ಮೇಲೆ ಬಿದ್ದ ಕೂದಲನ್ನು ಹಿಂದಕ್ಕೆ ಸರಿಸುವವಳು ಅವಳು, ಜಾರಿದ ಸೆರಗು ಸಿಕ್ಕಿಸುವವಳು ಅವಳು, ಸೊಂಟದ ಬೀಗದ ಕೈ ತೆಗೆದು ಕಪಾಟಿನಿಂದ ತುಪ್ಪ ತರುವವಳೂ ಅವಳೇ. ಇದು ನಾವಿಬ್ಬರೇ ಮಾಡಿಕೊಂಡ ಪದ್ಧತಿ ಅಲ್ಲ, ಅತ್ತೆ ಸೊಸೆ, ನಾದಿನಿ ಅತ್ತಿಗೆ, ಜಗಳವಾಡಿ ಮಾತು ಬಿಟ್ಟವರು ಕೂಡ ಹಸಿ ಕೈ ಮುಂದೆ ಚಾಚಿದರೆ ಒಣ ಕೈ ಕೊಡುತ್ತಾರೆ. ಫೋನಿನ ಬೆರಳನ್ನೂ ನಾನು ಆ ಲೆಕ್ಕಕ್ಕೇ ಸೇರಿಸಿದೆ. ಅವಳು ತನ್ನ ಎರಡು ಬೆರಳು ಹಾಕಿದಳು.

ಗಂಡ ಪೇಪರಿನಿಂದ ತಲೆ ಎತ್ತಿ, "ತಿಜೋರಿ ನಿಂದು, ಬೆರಳು ಅವಳದ್ದಾ?" ಎಂದು ತುಳುವಿನಲ್ಲಿ ಕೇಳಿದರು.

ನನಗೆ ಮೈಯೆಲ್ಲ ಉರಿಯಿತು. "ಜನ್ಮವಿಡೀ ಸ್ಟೋರಿನಲ್ಲಿ ನಟ್ಟು ಬೋಲ್ಟು ಕಾದವರಿಗೆ ಎಲ್ಲರೂ ಕಳ್ಳರಾಗಿಯೇ ಕಾಣ್ತಾರೆ" ಎಂದು ಅವರ ಬಾಯಿ ಮುಚ್ಚಿಸಿದೆ.

ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು. ಆಗ ಒಂದು ಮಸಾಲೆ ಪುಡಿಯ ಕಂಪನಿಯಿಂದ ಒಬ್ಬ ಹುಡುಗಿ ಬಂದಳು. ಆಫೀಸ್ ಬಾಂದ್ರಾದಲ್ಲಂತೆ. ಪ್ಯಾಕೆಟುಗಳ ಒಂದು ಡಬ್ಬವನ್ನು ಟೇಬಲಿನ ಮೇಲಿಟ್ಟು, ಆಂಟಿ, ಅಡುಗೆ ನೀವು ಹೇಗೂ ಮಾಡಿ, ಕೊನೆಯಲ್ಲಿ ಈ ಪ್ಯಾಕೆಟ್ ತೋರಿಸಿ, ಈಗ ನಾನೂ ಅರೆಯುವುದಿಲ್ಲ, ಇದನ್ನೇ ಹಾಕುವುದು ಎಂದರೆ ಸಾಕು, ಒಳ್ಳೆಯ ದುಡ್ಡು ಕೊಡುತ್ತೇವೆ ಎಂದಳು. ಒಂದು ಪ್ಯಾಕೆಟ್ ಒಡೆದು ನಾಲಿಗೆಗೆ ಇಟ್ಟು ನೋಡಿದೆ. ಮುಗ್ಗಿದ ಕೊತ್ತಂಬರಿ, ಬಣ್ಣ, ಉಪ್ಪು. ಹುಡುಗಿಗೆ ಚಹಾ ಕೊಟ್ಟು, ಗೋಳಿಬಜೆ ತಿನ್ನಿಸಿ, ಆಗುವುದಿಲ್ಲ ಎಂದು ಹೇಳಿ ಕಳಿಸಿದೆ.

ಸಂಜೆ ಎದುರುಮನೆಯವಳು ವಿಷಯ ತಿಳಿದು ಮುಖ ಊದಿಸಿಕೊಂಡು ಬಂದಳು. "ಒಂದ್ ಮಾತ ಹೇಳಿದ್ರ ಏನ್ ಹೋಗ್ತೈತ್ರಿ ಅಕ್ಕಾರ?"

"ಆ ಮಾತೇ ಹೋಗ್ತದೆ. ನನ್ನ ಹತ್ರ ಇರೋದು ಅದೊಂದೇ" ಎಂದೆ. "ಆ ನರ್ಸ್ ಹುಡುಗಿ ಡ್ಯೂಟಿ ಮುಗಿಸಿ ಬಂದು, ನಾನು ಹೇಳಿದೆ ಅಂತ ಬೆಳ್ಳುಳ್ಳಿ ಸುಲೀತಾಳೆ. ಅವಳಿಗೆ ನಾನು ಸುಳ್ಳು ಹೇಳ್ಬೇಕಾ?"

"ಎಲ್ಲಾರೂ ಹೇಳ್ತಾರ್ರಿ."

"ಎಲ್ಲರೂ ಹೇಳ್ಲಿ. ನನ್ನ ಬಾಯಲ್ಲಿ ಅದು ಬರೋದಿಲ್ಲ."

ಅವಳು ತಟ್ಟೆಯಿಂದ ಒಂದು ಗೋಳಿಬಜೆ ಬಾಯಿಗೆ ಹಾಕಿಕೊಂಡಳು. ಆಮೇಲೆ, "ಆತ್ರಿ, ನಿಮ್ಮ ಮರ್ಜಿ" ಎಂದು ಹೇಳಿ, ಉಳಿದ ಗೋಳಿಬಜೆ ಕಟ್ಟಿಸಿಕೊಂಡು ಹೋದಳು. ಮುಗಿಯಿತು ಎಂದುಕೊಂಡೆ. ಮಾರನೆಯ ದಿನ ಬಂದು ಎಂದಿನಂತೆ ಫೋನ್ ಹಿಡಿದಳು, ನಾನು ಎಂದಿನಂತೆ ಮಾತಾಡಿದೆ.

ಕೆಲವು ವಾರ ಕಳೆದ ಮೇಲೆ, ಮಗಳ ಮನೆಗೆ ಹೋಗಿ ಬರುತ್ತೇನೆ, ಮೊಮ್ಮಗುವಿಗೆ ಹುಷಾರಿಲ್ಲ ಎಂದು ದಹಿಸರ್‌ಗೆ ಹೊರಟಳು. ತುಳಸಿಗೆ ನೀರು ಹಾಕಿ ಎಂದು ಮನೆಯ ಬೀಗದ ಕೈ ನನಗೇ ಕೊಟ್ಟು ಹೋದಳು. ಅದರ ಮಾರನೆಯ ಬೆಳಿಗ್ಗೆ ಚಾನೆಲ್‌ನಲ್ಲಿ ಯಾರು ಏನು ಬರೆದಿದ್ದಾರೆ ನೋಡೋಣ ಎಂದು ಫೋನ್ ತೆಗೆದರೆ, ಒಳಗೆ ಬರಲು ಕೀಲಿ ಕೊಡಿ ಎಂದಿತು. ಬೆರಳಿನವಳು ದಹಿಸರ್‌ನಲ್ಲಿ. ನೆನಪಿಸಿಕೊಂಡು ನಂಬರ್ ಒತ್ತಿದೆ. ತಿಜೋರಿ ತೆರೆಯಿತು, ಕೀಲಿ ಕಾಣಿಸಿತು, ಅದರ ಮುಂದೆ ನನ್ನ ಹೆಸರೂ ಇತ್ತು. ಅದನ್ನು ಒತ್ತಿದರೆ, ಈ ಪಾಸ್‌ಕೀ ನಮ್ಮಲ್ಲಿ ಇಲ್ಲ ಎಂದು ಬಂತು. ಇನ್ನೊಮ್ಮೆ ಒತ್ತಿದೆ. ಮತ್ತೂ ಅದೇ. ಕೈಯಲ್ಲಿ ಬೀಗದ ಕೈ ಹಿಡಿದುಕೊಂಡು ನಮ್ಮದೇ ಮನೆಯ ಬಾಗಿಲಲ್ಲಿ ನಿಂತ ಹಾಗಾಯಿತು.

ಅವಳಿಗೆ ಫೋನ್ ಮಾಡಿದೆ.

"ನೆಟ್‌ವರ್ಕ್ ಸರಿ ಇಲ್ಲ ಕಾಣಸ್ತೈತ್ರಿ. ನಾ ಬಂದ ಮ್ಯಾಲ ನೋಡ್ತೀನಿ. ನೀವು ಏನೂ ಒತ್ತಬ್ಯಾಡ್ರಿ" ಎಂದಳು. ಧ್ವನಿಯಲ್ಲಿ ಒಂಚೂರೂ ಅಳುಕಿಲ್ಲ.

ನಾನೆಂಥ ಪೆದ್ದಿ ಎಂದರೆ, ಮೊಮ್ಮಗು ಹೇಗುಂಟು, ಊಟ ಆಯ್ತಾ ಎಂದೆಲ್ಲ ವಿಚಾರಿಸಿದೆ. ಫೋನ್ ಇಟ್ಟು, ಅವಳ ಮನೆಯ ಬಾಗಿಲು ತೆರೆದು, ತುಳಸಿಗೆ ನೀರು ಹಾಕಿ ಬಂದೆ. ಒಣಗಿದ ಎಲೆಗಳನ್ನೂ ಕಿತ್ತು ಹಾಕಿದೆ. ಇದನ್ನು ನೆನೆದಾಗಲೆಲ್ಲ ನನಗೆ ಅವಳ ಮೇಲಿನದಕ್ಕಿಂತ ಹೆಚ್ಚು ನನ್ನ ಮೇಲೇ ಸಿಟ್ಟು ಬರುತ್ತದೆ.

ಮಧ್ಯಾಹ್ನ ಗಂಡ ತಮ್ಮ ಫೋನಿನಲ್ಲಿ ಏನೋ ನೋಡುತ್ತಿದ್ದವರು ನನ್ನನ್ನು ಕರೆದರು. "ಇದು ನೀನು ಹಾಕಿದ್ದಾ?" ನನ್ನ ಚಾನೆಲ್‌ನಲ್ಲಿ ಹೊಸ ವಿಡಿಯೋ. ಹೊಸದಲ್ಲ, ನನ್ನ ಹಳೆಯ ಬಂಗುಡೆ ಸಾರೇ. ನಾನೇ ಇದ್ದೇನೆ, ನನ್ನದೇ ಧ್ವನಿ, ನನ್ನದೇ ಬಾಣಲೆ. ಆದರೆ ನಾನು ಮೆಣಸು ಹುರಿದು ಅರೆಯುವ ಭಾಗವನ್ನು ಕತ್ತರಿಸಿ ತೆಗೆದಿತ್ತು. ಅಲ್ಲಿಂದ ಸೀದಾ ಕುದಿಯುವ ಸಾರು. ಕೊನೆಯಲ್ಲಿ ಆ ಪ್ಯಾಕೆಟ್, ಅದರ ಪಕ್ಕದಲ್ಲಿ ಅಕ್ಷರ: "ಈಗ ನಾನೂ ಅರೆಯುವುದಿಲ್ಲ. ಇದನ್ನೇ ಹಾಕುವುದು. ಇಂತಿ ನಿಮ್ಮ ಅಕ್ಕ."

ಫೋನ್ ಕಿತ್ತುಕೊಂಡು ಮೊದಲಿನಿಂದ ಮತ್ತೆ ನೋಡಿದೆ, ಒಂದು ಬೈಗುಳವೂ ಇಲ್ಲದೆ. ನಾನು ಬೈಯದೆ ಇರುವುದು ಎಂದರೆ ನಮ್ಮ ಮನೆಯಲ್ಲಿ ಸಣ್ಣ ವಿಷಯವಲ್ಲ. ಗಂಡ ಹೆದರಿ ನೀರು ತಂದುಕೊಟ್ಟರು.

ಆಮೇಲೆ ಅವರು ನನ್ನ ಫೋನ್ ತೆಗೆದುಕೊಂಡು ಸೆಟ್ಟಿಂಗ್‌ಗಳಲ್ಲಿ ಹುಡುಕಿದರು. "ಎರಡು ಬೆರಳು ಉಂಟು ಇದರಲ್ಲಿ" ಎಂದರು. "ನಿಂದು ಇಡು." ಇಟ್ಟೆ. ಫೋನ್ ನಡುಗಿ ಬೇಡ ಎಂದಿತು. ಹತ್ತೂ ಬೆರಳು ಇಡಿಸಿದರು. ನನ್ನ ಫೋನಿನಲ್ಲಿ ನನ್ನದೆಂಬ ಒಂದು ಬೆರಳೂ ಇರಲಿಲ್ಲ. ಗಂಡ ಲೆಕ್ಕ ಹಾಕಿ ನಿಧಾನವಾಗಿ ಬಿಡಿಸಿ ಹೇಳಿದರು: ಅವಳು ತನ್ನ ಕಂಪ್ಯೂಟರಿನಲ್ಲಿ ಎಂದಿನಂತೆ ಚಾನೆಲ್ ತೆರೆದಿದ್ದಾಳೆ, ನಿನ್ನ ಫೋನಿಗೆ ತನ್ನ ಬೆರಳಿಟ್ಟು ಹೌದು ಅನ್ನಿಸಿದ್ದಾಳೆ, ಒಳಗೆ ಹೋಗಿ ತನ್ನ ಫೋನಿಗೆ ಬೇರೆ ಕೀಲಿ ಮಾಡಿಕೊಂಡಿದ್ದಾಳೆ, ಮೇಲ್ ನಂಬರ್ ಎಲ್ಲ ತನ್ನದು ಕೊಟ್ಟಿದ್ದಾಳೆ, ಕೊನೆಗೆ ನಿನ್ನ ಕೀಲಿಯನ್ನು ಅಲ್ಲಿಂದ ತೆಗೆದುಹಾಕಿದ್ದಾಳೆ. ನಿನ್ನ ತಿಜೋರಿಯಲ್ಲಿರುವ ಕೀಲಿ ಈಗ ಬರೀ ಕಬ್ಬಿಣ. ನಾನು ಅವತ್ತೇ ಹೇಳಿದ್ದೆ ಎಂದು ಅವರು ಹೇಳಲಿಲ್ಲ. ಹೇಳಿದ್ದರೆ ಜಗಳವಾಡಿಯಾದರೂ ಸ್ವಲ್ಪ ಹಗುರಾಗುತ್ತಿದ್ದೆ.

ಮಾರನೆಯ ದಿನ ನಾನೊಬ್ಬಳೇ ದಹಿಸರ್‌ಗೆ ಹೋದೆ. ಗಂಡ ಬರುತ್ತೇನೆಂದರು, ಬೇಡ ಎಂದೆ. ಘಾಟ್ಕೋಪರ್‌ನಲ್ಲಿ ಮೆಟ್ರೋ ಹತ್ತಿ, ಅಂಧೇರಿಯ ಹತ್ತಿರ ಇನ್ನೊಂದು ಮೆಟ್ರೋ ಬದಲಿಸಿ, ದಾರಿಯುದ್ದಕ್ಕೂ ಏನೇನು ಬೈಯಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡು ಹೋದೆ. ಉಂಡ ಮನೆಗೆ ಎರಡು ಬಗೆದವಳೇ ಎಂದು ಶುರುಮಾಡುವುದೆಂದು ನಿಶ್ಚಯಿಸಿದ್ದೆ. ಅವಳ ಮಗಳು ಬಾಗಿಲು ತೆರೆದಳು. ಒಳಗೆ ಅವಳು ಮೊಮ್ಮಗುವಿಗೆ ಊಟ ಮಾಡಿಸುತ್ತಿದ್ದಳು. ಮಗು ಗುಂಡುಗುಂಡಾಗಿ, ಜ್ವರವಿಲ್ಲ ಏನಿಲ್ಲ, ನಗುತ್ತಾ ಕೂತಿತ್ತು. ನೋಡಿದ ಕೂಡಲೇ ಜೋಡಿಸಿಕೊಂಡಿದ್ದೆಲ್ಲ ಮರೆತುಹೋಯಿತು.

"ಯಾಕೆ ಹೀಗೆ ಮಾಡಿದೆ?" ಎಂದಷ್ಟೇ ಕೇಳಿದೆ.

ಅವಳು ಮಗುವಿನ ಬಾಯಿ ಒರೆಸಿ, ಕೈ ತೊಳೆದುಕೊಂಡು ಬಂದು ನನ್ನ ಎದುರಿಗೆ ಕೂತಳು. ಅಳುತ್ತಾಳೆ, ಕಾಲಿಗೆ ಬೀಳುತ್ತಾಳೆ ಎಂದು ನಾನು ಅಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ.

"ಇಷ್ಟ ವರ್ಷ ಫೋನ್ ಹಿಡದೀನ್ರಿ ಅಕ್ಕಾರ. ಉಗಿ ಹೊಡದ ಮಾರಿ ಸುಟಗೊಂಡೀನಿ. ನೀವು ಒಂದ್ ತಾಸ ಮಾತಾಡಿದ್ದನ್ನ ಕೂತ ಕತ್ತರಿಸಿ ಛಂದ ಮಾಡೀನಿ. ಒಬ್ಬರಾದ್ರೂ ನನ್ನ ಕೇಳ್ಯಾರೇನು? ಎಲ್ಲಾರೂ ಅಕ್ಕ ಅಕ್ಕ. ಆ ಕಂಪನಿಯಾಕಿ ಬಂದಾಗ ನೀವು ಬ್ಯಾಡ ಅಂದ್ರಿ. ನನಗ ಬೇಕೇನು ಅಂತ ಒಂದ ಸಲ ಕೇಳಿದ್ರೇನು?"

"ನಿನಗೆ ಬೇಕಿದ್ರೆ ನಿನ್ನ ಮುಖ ತೋರಿಸಿ ಹೇಳ್ಬೇಕಿತ್ತು. ನನ್ನ ಬಾಯಲ್ಲಿ ಯಾಕೆ ಹೇಳಿಸಿದೆ?"

"ನನ್ನ ಮಾರಿ ಯಾರ್ ನಂಬ್ತಾರ್ರಿ?" ಎಂದಳು. "ನಿಮ್ಮನ್ನ ನಂಬ್ತಾರ."

ಇದನ್ನು ಅವಳು ಮೆಚ್ಚುಗೆಯ ಹಾಗೆ ಹೇಳಿದಳು! ಮಗಳು ಚಹಾ ತಂದಿಟ್ಟು, ತನ್ನ ಅರೆಬರೆ ಕನ್ನಡದಲ್ಲಿ, "ಆಂಟಿ, ಮಮ್ಮಿದು ಭೀ ಹಕ್ ಇದೆ ನಾ" ಎಂದಳು. ಚಹಾ ಮುಟ್ಟಲಿಲ್ಲ ನಾನು.

"ಯಾವಾಗ ಮಾಡಿದೆ ಇದನ್ನು?" ಎಂದು ಕೇಳಿದೆ. ನನಗೆ ಗೊತ್ತಿಲ್ಲದೆ, ನಾನು ಮಲಗಿದಾಗಲೋ ಮಾರ್ಕೆಟಿಗೆ ಹೋದಾಗಲೋ ಕದ್ದು ಮಾಡಿರಬೇಕು ಎಂದಿತ್ತು ಮನಸ್ಸಿನಲ್ಲಿ. ಹಾಗೆ ಇದ್ದಿದ್ದರೆ ಒಂದು ರೀತಿ ಸಮಾಧಾನವಾದರೂ ಇತ್ತು, ಕಳ್ಳತನಕ್ಕೆ ಕಳ್ಳತನದ ಮರ್ಯಾದೆ ಇರುತ್ತಿತ್ತು.

ಅವಳು ನೆಲ ನೋಡಿದಳು. "ಪತ್ರೊಡೆ ಮಾಡಿದ್ರಲ್ರಿ, ನಾ ಇಲ್ಲಿಗೆ ಬರೂ ಹಿಂದಿನ ದಿನ, ಅವತ್ತು. ನಿಮ್ಮ ಫೋನ್ ನಮ್ಮನಿಗೆ ಒಯ್ದು, ಕಂಪ್ಯೂಟರ್‌ಗೆ ಹಿಡದು ಬಂದೆ. ಎಲ್ಲಾ ಮುಗಿಸಿ ಬಂದಾಗ ನೀವು ಒಗ್ಗರಣಿ ಹಾಕಾಕ್ಹತ್ತಿದ್ರಿ. ಬಾಯಿ ತೆಗಿ, ಉಪ್ಪು ನೋಡು ಅಂತ ಒಂದು ತುಂಡು ಬಾಯಾಗ ಇಟ್ಟ್ರಿ."

ಕೆಸುವಿನ ಎಲೆಯ ಆ ಪತ್ರೊಡೆ ನನಗೆ ಚೆನ್ನಾಗಿ ನೆನಪಿದೆ. ಉಪ್ಪು ಸರಿ ಐತ್ರಿ ಅಕ್ಕಾರ ಎಂದು ಅವಳು ಹೇಳಿದ್ದೂ ನೆನಪಿದೆ.

"ವಾಪಸ್ ಕೊಡು" ಎಂದೆ. "ಕೀಲಿ ನನ್ನ ಫೋನಿಗೆ ವಾಪಸ್ ಹಾಕು. ಆ ವಿಡಿಯೋ ತೆಗಿ. ನಾನು ಯಾರಿಗೂ ಹೇಳೋದಿಲ್ಲ. ನಿನ್ನ ಮುಖವೂ ತೋರಿಸೋಣ, ನಿನ್ನ ಹೆಸರೂ ಹಾಕೋಣ."

"ಕಂಪನಿಗೆ ಸಹಿ ಮಾಡಿ ಕೊಟ್ಟೀನ್ರಿ. ಮಾಲಕಿ ನಾನ ಅಂತ ಬರೆದೀನಿ. ಇನ್ ಆಗೂದಿಲ್ಲ."

ಅಲ್ಲಿಗೆ ನಾನು ಎದ್ದೆ. ಅವಳ ಮನೆಯ ಬೀಗದ ಕೈ ನನ್ನ ಪರ್ಸಿನಲ್ಲಿತ್ತು. ಅದನ್ನು ಟೇಬಲಿನ ಮೇಲೆ ಇಟ್ಟು, ಚಪ್ಪಲಿ ಮೆಟ್ಟಿಕೊಂಡು ಬಂದೆ. ಮೆಟ್ರೋದಲ್ಲಿ ಕಿಟಕಿಯ ಕಡೆ ತಿರುಗಿ ಅತ್ತೆ. ಪಕ್ಕದಲ್ಲಿದ್ದ ಮರಾಠಿ ಹೆಂಗಸು ಏನೂ ಕೇಳದೆ ಒಂದು ಚಾಕೊಲೇಟ್ ಕೊಟ್ಟಳು.

ಆಮೇಲೆ ನಡೆದದ್ದೆಲ್ಲ ಬರೀ ಗೋಡೆಗೆ ತಲೆ ಚಚ್ಚಿಕೊಂಡ ಹಾಗೆ. ಚಾನೆಲ್ ನಡೆಸುವವರಿಗೆ ಬರೆದೆವು. ಅವರು ಒಂದು ಕೋಡ್ ಕಳಿಸುತ್ತೇವೆ, ಅದನ್ನು ಹೇಳಿ ಎಂದರು. ಕೋಡ್ ಹೋದದ್ದು ಅವಳ ಮೇಲ್‌ಗೆ. ವಿಡಿಯೋದಲ್ಲಿ ಇರುವ ಮುಖ ನನ್ನದು, ಬೇಕಾದರೆ ಎದುರಿಗೆ ಬಂದು ನಿಲ್ಲುತ್ತೇನೆ ಎಂದು ಬರೆದೆ. ಸರಿಯಾದ ಪಾಸ್‌ಕೀ ಬಳಸಿಯೇ ಬದಲಾವಣೆ ಆಗಿದೆ ಎಂದು ಉತ್ತರ ಬಂತು. ಪೊಲೀಸ್ ಠಾಣೆಯಲ್ಲಿ ಒಬ್ಬ ಪೊಲೀಸ್ ಹುಡುಗಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಪೆನ್ನು ಕೆಳಗಿಟ್ಟು, "ಕಾಕೂ, ಬೋಟ್ ತುಮ್ಹೀಚ್ ದಿಲಂತ್ ನಾ?" ಎಂದಳು. ಚಿಕ್ಕಮ್ಮಾ, ಬೆರಳು ಹಾಕಲು ನೀವೇ ಬಿಟ್ಟದ್ದಲ್ಲವೇ ಎಂದು. ಹೌದು ಎಂದೆ. ಅರ್ಜಿ ಬರೆಸಿಕೊಂಡಳು, ಪಾಪ. ಮುಂದೆ ಏನೂ ಆಗಲಿಲ್ಲ.

ಅವಳು ದಹಿಸರ್‌ನಲ್ಲೇ ಉಳಿದಳು. ಒಂದು ದಿನ ಟೆಂಪೋದಲ್ಲಿ ಮಗಳು ಅಳಿಯ ಬಂದು ಸಾಮಾನು ಸಾಗಿಸಿಕೊಂಡು ಹೋದರು. ಎದುರು ಬಾಗಿಲಿಗೆ ಈಗ ಗುಜರಾತಿನವರು ಬಂದಿದ್ದಾರೆ, ಒಳ್ಳೆಯವರು, ಬಾಗಿಲು ಮುಚ್ಚಿಕೊಂಡಿರುತ್ತಾರೆ.

ಗಂಡ ನನ್ನ ಫೋನಿನಿಂದ ಅವಳ ಬೆರಳು ತೆಗೆದರು. ನಾನು ಈಗ ನಂಬರ್ ಒತ್ತಿಯೇ ತೆರೆಯುತ್ತೇನೆ, ಹೊಸ ನಂಬರ್. ತೆರೆದು ಏನು ಮಾಡುವುದು? ಚಾನೆಲ್ ನೋಡಬಾರದು ಎಂದು ಮನಸ್ಸು ಗಟ್ಟಿ ಮಾಡಿಕೊಳ್ಳುತ್ತೇನೆ, ಆಮೇಲೆ ಗಂಡನ ಫೋನ್ 'ಸ್ವಲ್ಪ ಕೊಡಿ' ಎಂದು ಕೇಳುತ್ತೇನೆ. ವಾರಕ್ಕೊಂದು ಹಳೆಯ ವಿಡಿಯೋ ಹೊಸದಾಗಿ ಬರುತ್ತದೆ. ಎಲ್ಲದರಲ್ಲೂ ನಾನು ಅರೆಯುವ ಭಾಗ ಇಲ್ಲ. ಅದನ್ನೂ ಹೇಗೋ ಸಹಿಸಿಕೊಂಡೇನು. ಸಹಿಸಲಾಗದ್ದು ಕೆಳಗೆ ಇರುವುದು. ಮೊದಲೆಲ್ಲ ಜನ ಕೇಳಿದ್ದಕ್ಕೆ ನಾನು ಬಾಯಲ್ಲಿ ಹೇಳುತ್ತಿದ್ದೆ, ಅವಳು ಟೈಪ್ ಮಾಡುತ್ತಿದ್ದಳು. ಈಗ ನಾನು ಹೇಳುವುದಿಲ್ಲ, ಆದರೂ ಉತ್ತರ ಹೋಗುತ್ತದೆ. ಅಕ್ಕ, ನಿಜವಾಗಿ ನಿಮ್ಮ ಮನೆಯಲ್ಲೂ ಇದನ್ನೇ ಹಾಕುತ್ತೀರಾ ಎಂದು ಒಬ್ಬಳು ಕೇಳಿದ್ದಳು. ಅದರ ಕೆಳಗೆ ಚಾನೆಲ್‌ನ ಉತ್ತರ: "ಹೌದು ಮಾರಾಯ್ತಿ, ನನಗೂ ಕೈ ಸೋತಿತು. ಎಷ್ಟು ಅಂತ ಅರೆಯುದು? ಒಮ್ಮೆ ಹಾಕಿ ನೋಡು, ಆಮೇಲೆ ನನ್ನ ಹತ್ರ ಜಗಳಕ್ಕೆ ಬಾ."

ಇದರಲ್ಲಿ 'ಐತಿ' ಇಲ್ಲ, 'ರಿ' ಇಲ್ಲ. ನನ್ನದೇ ಮಾತು. ಜಗಳಕ್ಕೆ ಬಾ ಎನ್ನುವುದು ಕೂಡ ನಾನು ಹೇಳುವ ಹಾಗೆಯೇ. ಗಂಡನ ಫೋನಿನಿಂದ, ಇದು ನಾನಲ್ಲ, ನಂಬಬೇಡಿ ಎಂದು ಬರೆದೆ. ಅರ್ಧ ಗಂಟೆಯೊಳಗೆ ಅದು ಮಾಯವಾಯಿತು. ಇನ್ನೊಮ್ಮೆ ಬರೆಯಲು ಹೋದರೆ ಬರೆಯಲು ಬಿಡಲೇ ಇಲ್ಲ. ನನ್ನ ಚಾನೆಲ್‌ನಲ್ಲಿ ಮಾತಾಡಲು ನನಗೇ ಬಾಗಿಲು ಬಂದ್.

ಮೊನ್ನೆ ಊರಿನಿಂದ ನನ್ನ ಅಕ್ಕ ಫೋನ್ ಮಾಡಿದ್ದಳು. ಅಮ್ಮ ಹೋದ ಮೇಲೆ ನನಗೆ ಅಡುಗೆ ಕಲಿಸಿದವಳು ಅವಳೇ. ಮೆಣಸು ಎಷ್ಟು ಹುರಿಯಬೇಕು ಎಂದು ಕೈಗೆ ಸೌಟಿನಿಂದ ಹೊಡೆದು ಕಲಿಸಿದವಳು. ಮಿಕ್ಸಿಯಲ್ಲಿ ಅರೆದದ್ದನ್ನೂ ಒಂದು ಕಾಲದಲ್ಲಿ ಮುಟ್ಟುತ್ತಿರಲಿಲ್ಲ. ಅದೂ ಇದೂ ಮಾತಾಡಿ, ಕೊನೆಗೆ ಅವಳು ಹೇಳಿದಳು: "ನೀನು ಹೇಳಿದ ಪ್ಯಾಕೆಟ್ ತರಿಸಿದೆ ಮಾರಾಯ್ತಿ. ನಿನ್ನ ಭಾವನಿಗೆ ಏನೂ ಗೊತ್ತಾಗಲಿಲ್ಲ. ಇನ್ನು ನಾನೂ ಅರೆಯುದು ಬಿಟ್ಟೆ."

"ಅಕ್ಕ, ಅದು ನಾನು ಹೇಳಿದ್ದಲ್ಲ" ಎಂದೆ.

"ನೀನಲ್ಲದೆ ಮತ್ತೆ ಯಾರು?"

ಎಲ್ಲವನ್ನೂ ಹೇಳಿದೆ. ಕೀಲಿ, ತಿಜೋರಿ, ಬೆರಳು, ಪತ್ರೊಡೆ, ದಹಿಸರ್, ಪೊಲೀಸ್ ಠಾಣೆ. ವಿಡಿಯೋ ಹಳೆಯದು ಅಕ್ಕ, ಬರೆಯುತ್ತಿರುವವಳು ನಾನಲ್ಲ, ಬೇರೆಯವಳು ಎಂದೆ. ಅಕ್ಕ ಎಲ್ಲವನ್ನೂ ಕೇಳಿದಳು. ಆಮೇಲೆ ನಕ್ಕುಬಿಟ್ಟಳು, ಚಿಕ್ಕಂದಿನಲ್ಲಿ ನಾನು ಸುಳ್ಳು ಹೇಳಿ ಸಿಕ್ಕಿಬಿದ್ದಾಗ ನಗುತ್ತಿದ್ದ ಹಾಗೆ.

"ಪ್ಯಾಕೆಟ್ ಹಾಕುದಕ್ಕೆ ನಾಚಿಕೆ ಎಂತದ್ದು? ನಾನೂ ಹಾಕ್ತೇನೆ ಅಂತ ಹೇಳಿದೆನಲ್ಲ. ಇಷ್ಟು ದೊಡ್ಡ ಕಥೆ ಕಟ್ಟಬೇಡ" ಎಂದಳು. "ಅಲ್ಲಿ ಬರೆದದ್ದನ್ನು ನಾನು ಒಂದೊಂದೂ ಓದ್ತೇನೆ. ನಿನ್ನ ಮಾತು ನನಗೆ ಗೊತ್ತಾಗುದಿಲ್ವಾ?"